ಕೋರ್ಟಿನಲ್ಲೂ ಅವರೇ, ಸಂಸತ್ತಿನಲ್ಲೂ ಅವರೇ: ವಕೀಲರು ವಿರೋಧ ಪಕ್ಷದ ಸಂಸದರಾದಾಗ

2025ರ ಏಪ್ರಿಲ್ ಮೊದಲ ವಾರ ವಕ್ಫ್ ತಿದ್ದುಪಡಿ ಮಸೂದೆ ಸಂಸತ್ತಿನ ಎರಡೂ ಸದನಗಳಲ್ಲಿ ಪಾಸಾಯಿತು. ರಾಜ್ಯಸಭೆಯಲ್ಲಿ ಅದನ್ನು ವಿರೋಧಿಸಿ ಮಾತಾಡಿದವರಲ್ಲಿ ಹಿರಿಯ ವಕೀಲರೂ ಆಗಿರುವ ಸಂಸದ ಕಪಿಲ್ ಸಿಬಲ್ ಒಬ್ಬರು. ಏಪ್ರಿಲ್ 16ರಂದು ಅದೇ ಕಾಯ್ದೆಯ ವಿಚಾರಣೆ ಸುಪ್ರೀಂ ಕೋರ್ಟಿನಲ್ಲಿ ಶುರುವಾಯಿತು. ಅರ್ಜಿದಾರರ ಪರ ವಾದಕ್ಕೆ ಎದ್ದವರಲ್ಲೂ ಅವರಿದ್ದರು. ಅದೇ ಕಡೆಯಿಂದ ವಾದಿಸಿದ ಅಭಿಷೇಕ್ ಮನು ಸಿಂಘ್ವಿ ಕೂಡ ರಾಜ್ಯಸಭೆಯ ಸದಸ್ಯರೇ.

ಇದನ್ನು ನೋಡಿದವರಿಗೆ ಸಹಜವಾಗಿ ಕೆಲವು ಪ್ರಶ್ನೆ ಬರುತ್ತವೆ. ಕಾನೂನು ಮಾಡುವ ಜಾಗದಲ್ಲಿ ಕೂತವರು ಅದೇ ಕಾನೂನಿನ ವಿರುದ್ಧ ಫೀಸು ತಗೊಂಡು ವಾದ ಮಾಡಬಹುದಾ? ಸರ್ಕಾರದ ಸಂಬಳ ಪಡೆಯುವ ಸಂಸದರು ಇನ್ನೊಂದು ಕೆಲಸ ಮಾಡಬಹುದಾ? ಅಷ್ಟಕ್ಕೂ ವಿರೋಧ ಪಕ್ಷದಲ್ಲಿದ್ದು, ಕೈಯಲ್ಲಿ ಅಧಿಕಾರ ಇಲ್ಲದೆ, ಒಬ್ಬ ವಕೀಲರು ಸಂಸತ್ತಿನಲ್ಲಿ ಮಾಡುವುದಾದರೂ ಏನು?

## ಎರಡು ಕೆಲಸ ಒಟ್ಟಿಗೆ ಮಾಡಬಹುದಾ?

ಮಾಡಬಹುದು. ಆದರೆ ಇದು ಸುಮ್ನೆ ನಡೆದುಕೊಂಡು ಬಂದ ಪದ್ಧತಿ ಮಾತ್ರ ಅಲ್ಲ. ಇದರ ಮೇಲೆ ಒಂದು ಕೇಸೇ ನಡೆದಿದೆ.

ನಮ್ಮ ದೇಶದಲ್ಲಿ ವಕೀಲಿಕೆಯನ್ನು ನಿಯಂತ್ರಿಸುವುದು 1961ರ ವಕೀಲರ ಕಾಯ್ದೆ. ಅದರ ಅಡಿಯಲ್ಲಿ ಭಾರತೀಯ ವಕೀಲರ ಪರಿಷತ್ತು, ಅಂದರೆ ಬಾರ್ ಕೌನ್ಸಿಲ್, ನಿಯಮಗಳನ್ನು ಮಾಡಿದೆ. ಅದರ 49ನೇ ನಿಯಮ ಹೇಳುವುದಿಷ್ಟು: ವಕಾಲತ್ತು ನಡೆಸುವವರು ಯಾರ ಬಳಿಯೂ ಪೂರ್ಣಾವಧಿ ಸಂಬಳದ ನೌಕರರಾಗಿ ಇರುವಂತಿಲ್ಲ. ಸರ್ಕಾರಿ ಕೆಲಸವಾಗಲಿ, ಕಂಪನಿ ಕೆಲಸವಾಗಲಿ, ಸೇರಿದರೆ ಕೋರ್ಟಿನ ಕೆಲಸ ನಿಲ್ಲಿಸಬೇಕು.

ಹಾಗಾದರೆ ಸಂಸದರು? ಅವರಿಗೂ ತಿಂಗಳ ಸಂಬಳ ಇದೆ. 2023ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ಅದು ತಿಂಗಳಿಗೆ 1,24,000 ರೂಪಾಯಿ. ಈ ಅಂಶ ಹಿಡಿದುಕೊಂಡೇ, ಸಂಸದರು ಮತ್ತು ಶಾಸಕರು ವಕೀಲಿಕೆ ಮಾಡದಂತೆ ತಡೆಯಬೇಕು ಎಂದು ಒಂದು ಅರ್ಜಿ ಸುಪ್ರೀಂ ಕೋರ್ಟಿಗೆ ಬಂತು. 2018ರ ಸೆಪ್ಟೆಂಬರ್ 25ರಂದು ಆಗಿನ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರಿದ್ದ ಮೂವರ ಪೀಠ ಅದನ್ನು ಒಪ್ಪಲಿಲ್ಲ. ಸಂಸದರಿಗೆ ಸಿಗುವ ಹಣವನ್ನು ಸಂಬಳ ಅಂತ ಕರೆದರೂ ಅವರು ಯಾರ ನೌಕರರೂ ಅಲ್ಲ, ಅವರಿಗೂ ಸರ್ಕಾರಕ್ಕೂ ಮಾಲೀಕ-ನೌಕರ ಸಂಬಂಧ ಇಲ್ಲ ಎಂದಿತು. ಊರಿನ ಹಾಲಿನ ಸೊಸೈಟಿಯನ್ನೇ ನೋಡಿ. ಹಾಲು ಅಳೆಯುವವರು ಸೊಸೈಟಿಯ ನೌಕರರು, ಅವರಿಗೆ ಕೆಲಸ ಕೊಟ್ಟವರಿದ್ದಾರೆ, ಬಿಡಿಸುವವರೂ ಇದ್ದಾರೆ. ಅಲ್ಲಿನ ನಿರ್ದೇಶಕರಿಗೂ ಸಭೆಗೆ ಬಂದರೆ ಭತ್ಯೆ ಸಿಗುತ್ತದೆ, ಆದರೆ ಅವರು ಸದಸ್ಯರ ಮತ ಪಡೆದು ಬಂದವರು. ಕೋರ್ಟು ಗುರುತಿಸಿದ್ದು ಇಂಥದ್ದೇ ವ್ಯತ್ಯಾಸವನ್ನು.

ಬಾರ್ ಕೌನ್ಸಿಲ್ ಸದ್ಯಕ್ಕೆ ಇಂಥ ನಿಷೇಧ ಹಾಕಿಲ್ಲ, ಆದ್ದರಿಂದ ತಡೆಯಲು ಆಧಾರ ಇಲ್ಲ ಎಂಬುದು ತೀರ್ಪಿನ ಇನ್ನೊಂದು ಮುಖ್ಯ ಅಂಶ. ಸಚಿವರ ವಿಷಯ ಬೇರೆ. ಅವರೇ ಸರ್ಕಾರದ ಭಾಗವಾಗಿರುವುದರಿಂದ ಸಚಿವರಾದ ವಕೀಲರು ಕೋರ್ಟಿನ ಕೆಲಸ ಬಿಡುತ್ತಾರೆ. ಹಾಗಾಗಿ ಎರಡೂ ಕಡೆ ಕಾಣಿಸಿಕೊಳ್ಳುವ ದೊಡ್ಡ ಹೆಸರುಗಳು ಹೆಚ್ಚಾಗಿ ವಿರೋಧ ಪಕ್ಷದ ಸಾಲಿನಲ್ಲೇ ಇರುವುದು ಆಶ್ಚರ್ಯವೇನಲ್ಲ.

## ಸಂಸತ್ತಿಗೆ ಹೋಗುವ ದಾರಿ

ಮೊದಲ ದಾರಿ ಲೋಕಸಭೆ. ಜನರೇ ನೇರವಾಗಿ ಮತ ಹಾಕಬೇಕು. ಇಲ್ಲಿ ಕೋರ್ಟಿನ ಹೆಸರು ಎಷ್ಟು ಕೆಲಸಕ್ಕೆ ಬರುತ್ತದೆ ಎಂಬುದಕ್ಕೆ ರಾಮ್ ಜೇಠ್ಮಲಾನಿ ಅವರ ಕಥೆ ಒಳ್ಳೆಯ ಉದಾಹರಣೆ. ತುರ್ತುಪರಿಸ್ಥಿತಿಯಲ್ಲಿ ಸರ್ಕಾರವನ್ನು ಕಟುವಾಗಿ ಟೀಕಿಸಿದ್ದಕ್ಕೆ ಅವರ ಮೇಲೆ ಬಂಧನದ ವಾರಂಟ್ ಬಂತು. ಬಾಂಬೆ ಹೈಕೋರ್ಟಿನಲ್ಲಿ ಅವರ ಪರ ನಾನಿ ಪಾಲ್ಖಿವಾಲಾ ಅವರ ಮುಂದಾಳುತನದಲ್ಲಿ 300ಕ್ಕೂ ಹೆಚ್ಚು ವಕೀಲರು ನಿಂತರು. ಆಮೇಲೆ ಅವರು ದೇಶ ಬಿಟ್ಟರು. 1977ರ ಚುನಾವಣೆಯಲ್ಲಿ ಬಾಂಬೆ ವಾಯವ್ಯ ಕ್ಷೇತ್ರದಲ್ಲಿ ಅವರು ಸೋಲಿಸಿದ್ದು ಯಾರನ್ನು ಗೊತ್ತಾ? ಆಗಿನ ಕೇಂದ್ರ ಕಾನೂನು ಸಚಿವ ಎಚ್.ಆರ್. ಗೋಖಲೆಯವರನ್ನು. 1980ರಲ್ಲಿ ಮತ್ತೆ ಗೆದ್ದು ವಿರೋಧ ಪಕ್ಷದಲ್ಲಿ ಕೂತರು. 1984ರ ಕೊನೆಯ ಚುನಾವಣೆಯಲ್ಲಿ ಅದೇ ಕ್ಷೇತ್ರದಲ್ಲಿ ನಟ ಸುನಿಲ್ ದತ್ ಎದುರು ಸೋತರು.

ಸೋತ ದೊಡ್ಡವರ ಪಟ್ಟಿಯಲ್ಲಿ ಡಾ. ಅಂಬೇಡ್ಕರ್ ಕೂಡ ಇದ್ದಾರೆ. 1951ರಲ್ಲಿ ಕಾನೂನು ಸಚಿವ ಸ್ಥಾನ ಬಿಟ್ಟು, 1952ರಲ್ಲಿ ಲೋಕಸಭೆಗೆ ನಿಂತು ಸೋತ ಅವರು ಅದೇ ವರ್ಷ ರಾಜ್ಯಸಭೆಗೆ ಹೋದರು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು, ಬ್ಯಾರಿಸ್ಟರ್, ಕೊನೆಯ ವರ್ಷಗಳಲ್ಲಿ ಕೂತದ್ದು ಸರ್ಕಾರದ ಎದುರಿನ ಬೆಂಚಿನಲ್ಲಿ. ಇದನ್ನು ನಾವು ಅಷ್ಟಾಗಿ ನೆನೆಸಿಕೊಳ್ಳುವುದಿಲ್ಲ.

ಎರಡನೆಯ ದಾರಿ ರಾಜ್ಯಸಭೆ. ಈಗ ನಾವು ಟಿವಿಯಲ್ಲಿ ನೋಡುವ ಹಿರಿಯ ವಕೀಲರಲ್ಲಿ ಬಹಳ ಮಂದಿ ಈ ದಾರಿಯಲ್ಲಿ ಬಂದವರು. ಇಲ್ಲಿ ಮತ ಹಾಕುವವರು ರಾಜ್ಯದ ಶಾಸಕರು. ಲೆಕ್ಕ ಸುಲಭ. ಕರ್ನಾಟಕ ವಿಧಾನಸಭೆಯಲ್ಲಿ 224 ಶಾಸಕರು. ಒಂದು ಸಲ 4 ಸ್ಥಾನಗಳಿಗೆ ಚುನಾವಣೆ ಎಂದುಕೊಳ್ಳಿ. ಸ್ಥಾನಗಳ ಸಂಖ್ಯೆಗೆ ಒಂದು ಸೇರಿಸಿ, ಅಂದರೆ 5ರಿಂದ, 224ನ್ನು ಭಾಗಿಸಬೇಕು. 44.8 ಬರುತ್ತದೆ. ಅದನ್ನು ದಾಟಬೇಕಾದರೆ 45 ಮತ ಬೇಕು. ಹಾಗಾಗಿ 90 ಶಾಸಕರಿರುವ ಪಕ್ಷ ಇಬ್ಬರನ್ನು ಕಳಿಸಬಹುದು, ಅದು ಆಡಳಿತದಲ್ಲಿರಲಿ ಇಲ್ಲದಿರಲಿ. ದೆಹಲಿಯಲ್ಲಿ ವಕೀಲಿಕೆ ಮಾಡುವವರು ಇನ್ಯಾವುದೋ ರಾಜ್ಯದಿಂದ ಹೇಗೆ ಆಯ್ಕೆಯಾಗುತ್ತಾರೆ ಎಂದು ಕೇಳುವವರಿದ್ದಾರೆ. 2003ರ ತಿದ್ದುಪಡಿಯ ಮೊದಲು ಅಭ್ಯರ್ಥಿ ಆ ರಾಜ್ಯದ ಮತದಾರನಾಗಿರಬೇಕಿತ್ತು. ಈಗ ದೇಶದ ಯಾವ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೂ ಸಾಕು.

ಆದರೂ ಈ ದಾರಿ ಸಲೀಸು ಅನ್ನಲು ಬರುವುದಿಲ್ಲ. 2024ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ಒಂದು ಸ್ಥಾನಕ್ಕೆ ಸಿಂಘ್ವಿ ನಿಂತಿದ್ದರು. ಅವರ ಪಕ್ಷದ ಕೆಲವು ಶಾಸಕರು ಎದುರಾಳಿಗೆ ಮತ ಹಾಕಿದರು. 34-34, ಸಮಬಲ. ಚೀಟಿ ಎತ್ತಿದರು. ಬಂದ ಹೆಸರು ಸಿಂಘ್ವಿಯವರದ್ದೇ, ಆದರೆ ಸೋತವರೂ ಅವರೇ! ಯಾಕೆಂದರೆ ಅಲ್ಲಿ ಅನುಸರಿಸಿದ ನಿಯಮದ ಪ್ರಕಾರ ಚೀಟಿಯಲ್ಲಿ ಬಂದ ಹೆಸರನ್ನು ಕೈಬಿಡಬೇಕು. ವಕೀಲರು ಸುಮ್ಮನಿರುತ್ತಾರಾ? ಆ ನಿಯಮವನ್ನೇ ಪ್ರಶ್ನಿಸಿ ಹೈಕೋರ್ಟಿಗೆ ಹೋದರು. ಅದೇ ವರ್ಷ ಆಗಸ್ಟಿನಲ್ಲಿ ತೆಲಂಗಾಣದಿಂದ ಅವಿರೋಧವಾಗಿ ಆಯ್ಕೆಯಾದರು.

## ಕೋರ್ಟಿನ ವಾದ ಬೇರೆ, ಸದನದ ವಾದ ಬೇರೆ

ಮಾತು ಬಲ್ಲ ವಕೀಲರು ಸದನದಲ್ಲೂ ಗೆಲ್ಲುತ್ತಾರೆ ಅಂತ ಅನಿಸುವುದು ಸಹಜ. ಆದರೆ ಈ ಎರಡು ಜಾಗಗಳು ನಡೆಯುವ ಬಗೆಯೇ ಬೇರೆ.

ಕೋರ್ಟಿನಲ್ಲಿ ಎದುರಿಗೆ ಕೂತ ನ್ಯಾಯಾಧೀಶರು ಎರಡೂ ಕಡೆಯವರಲ್ಲ. ಅವರು ನಿಮ್ಮ ವಾದ ಒಪ್ಪಬಹುದು, ಬಿಡಬಹುದು. ಆದರೆ ಯಾಕೆ ಎಂದು ತೀರ್ಪಿನಲ್ಲಿ ಕಾರಣ ಬರೆಯಬೇಕು. ಸದನದಲ್ಲಿ ತೀರ್ಮಾನ ಮಾಡುವವರು ಸದಸ್ಯರೇ. ಅವರಲ್ಲಿ ಹೆಚ್ಚಿನವರು ಸಾಮಾನ್ಯವಾಗಿ ಆಡಳಿತ ಪಕ್ಷದ ಕಡೆಯವರು. ನಿಮ್ಮ ಭಾಷಣ ಎಷ್ಟೇ ಚೆನ್ನಾಗಿರಲಿ, ಮತದಾನದ ಹೊತ್ತಿಗೆ ಅವರು ಪಕ್ಷದ ವಿಪ್‌ಗೆ ಬದ್ಧರು. ವಿಪ್ ಎಂದರೆ ಹೀಗೇ ಮತ ಹಾಕಿ ಎಂದು ಪಕ್ಷ ಕೊಡುವ ಲಿಖಿತ ಆದೇಶ. ಮೀರಿದರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಅಡಿ ಸದಸ್ಯತ್ವವೇ ಹೋಗಬಹುದು. ಭಾಷಣ ಕೇಳಿ ಮನಸ್ಸು ಬದಲಾದರೂ ಮತ ಬದಲಿಸುವುದು ಕಷ್ಟ. ವಿರೋಧ ಪಕ್ಷದ ವಕೀಲರಿಗೂ ಇದೇ ಕಟ್ಟು. ಕೋರ್ಟಿನಲ್ಲಿ ಬೇಡವೆನಿಸಿದ ಕೇಸನ್ನು ಬಿಡಬಹುದು, ಸದನದಲ್ಲಿ ಪಕ್ಷದ ನಿಲುವನ್ನು ಬಿಡಲು ಬರುವುದಿಲ್ಲ.

ಸಂಸತ್ತಿನಲ್ಲಿ ವಕೀಲರಿಗೆ ಸಿಗುವ ಒಂದು ದೊಡ್ಡ ಸ್ವಾತಂತ್ರ್ಯವೂ ಇದೆ. ಸಂವಿಧಾನದ 105ನೇ ವಿಧಿಯ ಪ್ರಕಾರ ಸದನದೊಳಗೆ ಆಡಿದ ಮಾತಿಗೆ ಯಾವ ಕೋರ್ಟಿನಲ್ಲೂ ಕೇಸು ಹಾಕುವಂತಿಲ್ಲ, ಮಾನನಷ್ಟದ ಭಯ ಇಲ್ಲ. ಆಕ್ಷೇಪಾರ್ಹ ಅನಿಸಿದರೆ ಸಭಾಪತಿ ಆ ಮಾತನ್ನು ಕಡತದಿಂದ ತೆಗೆಸಬಹುದು. ಇದಕ್ಕೊಂದು ಬೇಲಿಯೂ ಇದೆ. 121ನೇ ವಿಧಿಯಂತೆ ಸುಪ್ರೀಂ ಕೋರ್ಟ್, ಹೈಕೋರ್ಟ್ ನ್ಯಾಯಮೂರ್ತಿಗಳ ಕರ್ತವ್ಯದ ನಡತೆಯನ್ನು, ಅವರನ್ನು ಪದಚ್ಯುತಗೊಳಿಸುವ ನಿರ್ಣಯ ಬಂದಾಗ ಬಿಟ್ಟು ಬೇರೆ ಹೊತ್ತಿನಲ್ಲಿ ಚರ್ಚಿಸುವಂತಿಲ್ಲ.

## ಸಂಖ್ಯೆ ಇಲ್ಲದವರ ಕೆಲಸ

ಹಾಗಾದರೆ ದಿನಾ ಮಾಡುವುದೇನು? ಟಿವಿಯಲ್ಲಿ ಬರುವ ಗದ್ದಲ ಇದರ ಸಣ್ಣ ಭಾಗ.

ಪ್ರಶ್ನೋತ್ತರ ಅವಧಿ ವಕೀಲರಿಗೆ ಹೇಳಿ ಮಾಡಿಸಿದ ಜಾಗ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಲು ಅವಕಾಶ ಇದೆ. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಮಾತ್ರ. ಪಾಟೀಸವಾಲಿನಲ್ಲಿ ಪಳಗಿದವರು ಮುಖ್ಯ ಪ್ರಶ್ನೆಯನ್ನು ಸಾಧಾರಣವಾಗಿ ಕೇಳಿ, ಉಪಪ್ರಶ್ನೆಯಲ್ಲಿ ಹಿಡಿಯುತ್ತಾರೆ. ಸಚಿವರು 'ಪರಿಶೀಲಿಸುತ್ತೇವೆ' ಎಂದರೆ ಅದೂ ಗಾಳಿಗೆ ಹೋಗುವುದಿಲ್ಲ. ಅಂಥ ಭರವಸೆಗಳು ಏನಾದವು ಎಂದು ನೋಡಲು ಪ್ರತ್ಯೇಕ ಸಮಿತಿ ಇದೆ.

ಮಸೂದೆ ಚರ್ಚೆಗೆ ಬಂದಾಗ ಅದನ್ನು ಖಂಡ ಖಂಡವಾಗಿ ಓದಿ ತಿದ್ದುಪಡಿ ಸೂಚಿಸಬಹುದು. 'ಮಾಡಬಹುದು' ಎಂದಿರುವ ಕಡೆ 'ಮಾಡಬೇಕು' ಎಂದು ಹಾಕಿಸುವುದು ಸಣ್ಣ ವಿಷಯದಂತೆ ಕಾಣುತ್ತದೆ. ನಾಳೆ ಒಬ್ಬ ಅಧಿಕಾರಿ ನಿಮ್ಮ ಅರ್ಜಿ ತಗೊಳ್ಳಲೇಬೇಕೋ, ತಗೊಳ್ಳದಿದ್ದರೂ ನಡೆಯುತ್ತದೋ ಎಂಬುದು ಆ ಒಂದು ಪದದ ಮೇಲೆ ನಿಂತಿರುತ್ತದೆ. ಇಂಥ ತಿದ್ದುಪಡಿಗಳು ಹೆಚ್ಚಾಗಿ ಧ್ವನಿಮತದಲ್ಲಿ ಬಿದ್ದುಹೋಗುತ್ತವೆ, ಅದು ನಿಜ. ಅದಕ್ಕಿಂತ ಫಲ ಜಾಸ್ತಿ ಸಿಗುವುದು ಸ್ಥಾಯಿ ಸಮಿತಿಗಳಲ್ಲಿ. ಇಲಾಖೆಗಳಿಗೆ ಸಂಬಂಧಪಟ್ಟ 24 ಸಮಿತಿಗಳಿವೆ, ಒಂದೊಂದರಲ್ಲಿ 31 ಸದಸ್ಯರು. ಅಲ್ಲಿ ಕ್ಯಾಮೆರಾ ಇಲ್ಲ, ಸಾಮಾನ್ಯವಾಗಿ ವಿಪ್ ಕೂಡ ಇಲ್ಲ. ಅಧಿಕಾರಿಗಳನ್ನು ಕರೆಸಿ ಕೇಳಬಹುದು. ಒಪ್ಪದ ಸದಸ್ಯರು ಭಿನ್ನಮತದ ಟಿಪ್ಪಣಿ ಬರೆದು ವರದಿಗೆ ಸೇರಿಸಬಹುದು. 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ, ಸಂಸದೀಯ ಸಮಿತಿಗಳ ವರದಿಯನ್ನು ಕೇಸುಗಳಲ್ಲಿ ಆಧಾರವಾಗಿ ನೋಡಬಹುದು ಎಂದು ಹೇಳಿದೆ. ಹಾಗಾಗಿ ಯಾರೂ ಓದುವುದಿಲ್ಲ ಎಂದುಕೊಂಡ ವರದಿ ಯಾವತ್ತೋ ಕೋರ್ಟಿನಲ್ಲಿ ಮತ್ತೆ ಎದ್ದು ಬರಬಹುದು.

ಇನ್ನು ಖಾಸಗಿ ಸದಸ್ಯರ ಮಸೂದೆ. ಸಚಿವರಲ್ಲದ ಯಾವ ಸದಸ್ಯರೂ ಮಂಡಿಸಬಹುದು, ಅದಕ್ಕೆ ಶುಕ್ರವಾರ ಎರಡೂವರೆ ಗಂಟೆ ಮೀಸಲು. ಸ್ವಾತಂತ್ರ್ಯದ ನಂತರ ಇಂಥ 14 ಮಸೂದೆಗಳು ಮಾತ್ರ ಕಾನೂನಾಗಿವೆ. ಕೊನೆಯದು 1970ರಲ್ಲಿ. ಅದನ್ನು ತಂದವರು ಆನಂದ್ ನಾರಾಯಣ್ ಮುಲ್ಲಾ. ವಕೀಲರಾಗಿದ್ದವರು, ಆಮೇಲೆ ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ, ಉರ್ದು ಕವಿ ಬೇರೆ. 1967ರಲ್ಲಿ ಲಖನೌದಿಂದ ಪಕ್ಷೇತರರಾಗಿ ಗೆದ್ದಿದ್ದರು. ಅವರ ಮಸೂದೆಯ ತಿರುಳು ಇಷ್ಟು: ಕೆಳಗಿನ ಕೋರ್ಟು ಒಬ್ಬನನ್ನು ಬಿಟ್ಟಿದೆ, ಮೇಲ್ಮನವಿಯಲ್ಲಿ ಹೈಕೋರ್ಟು ಅದನ್ನು ತಿರುಗಿಸಿ ಜೀವಾವಧಿ ಅಥವಾ 10 ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆ ಕೊಟ್ಟಿದೆ. ಆಗ ಆತನಿಗೆ ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಹೋಗುವುದು ಹಕ್ಕು. ಅದಕ್ಕೆ ಮೊದಲು ಹೈಕೋರ್ಟು ಬಿಡುಗಡೆಯನ್ನು ಮರಣದಂಡನೆಗೆ ತಿರುಗಿಸಿದಂಥ ಪ್ರಕರಣದಲ್ಲಿ ಆ ಹಕ್ಕಿತ್ತು, ಜೀವಾವಧಿಗೆ ಇರಲಿಲ್ಲ. ಕೋರ್ಟಿನೊಳಗೆ ಬದುಕು ಕಳೆದವರಿಗೆ ಮಾತ್ರ ಕಾಣುವಂಥ ಕೊರತೆ ಇದು. ಆ ಕಾನೂನು ಈಗಲೂ ಸುಪ್ರೀಂ ಕೋರ್ಟಿನಲ್ಲಿ ಬಳಕೆಯಲ್ಲಿದೆ.

## ಲೋಕಸಭೆಯೇ ಕೋರ್ಟಾದ ದಿನ

1993ರ ಮೇ 10. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ವಿ. ರಾಮಸ್ವಾಮಿ ಅವರನ್ನು ಪದಚ್ಯುತಗೊಳಿಸುವ ನಿರ್ಣಯ ಲೋಕಸಭೆಗೆ ಬಂತು. ಪತ್ರಿಕೆಗಳಲ್ಲಿ ಇದನ್ನೇ ವಾಗ್ದಂಡನೆ ಅನ್ನುತ್ತಾರೆ. ಮಂಡಿಸಿದವರು ಸಿಪಿಎಂನ ಸೋಮನಾಥ ಚಟರ್ಜಿ. ಅವರು ಇಂಗ್ಲೆಂಡಿನಲ್ಲಿ ಓದಿದ ಬ್ಯಾರಿಸ್ಟರ್, ಕಲ್ಕತ್ತಾ ಹೈಕೋರ್ಟಿನ ವಕೀಲರು, 1971ರಲ್ಲಿ ಮೊದಲ ಸಲ ಲೋಕಸಭೆಗೆ ಬಂದವರು. ನ್ಯಾಯಮೂರ್ತಿಗಳ ಪರ ವಾದಿಸಲು ಸದನದ ಕಟಕಟೆಯ ಬಳಿ ನಿಂತವರು ಕಪಿಲ್ ಸಿಬಲ್. ಆಗ ಅವರು ಸಂಸದರಲ್ಲ, ಬರೀ ವಕೀಲರು. ಗಂಟೆಗಟ್ಟಲೆ ಮಾತಾಡಿದರು.

ನ್ಯಾಯಮೂರ್ತಿಯನ್ನು ತೆಗೆಯಲು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು ಭಾಗ ಸಾಲದು. ಸದನದ ಒಟ್ಟು ಸದಸ್ಯರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ಪರವಾಗಿರಬೇಕು. ಮರುದಿನ, ಮೇ 11ರಂದು, ಮತಕ್ಕೆ ಹಾಕಿದಾಗ ಪರವಾಗಿ 196 ಮತ ಬಂದವು. ವಿರುದ್ಧ ಒಂದೂ ಇಲ್ಲ. ಆದರೂ ನಿರ್ಣಯ ಬಿತ್ತು! ಆಡಳಿತದಲ್ಲಿದ್ದ ಕಾಂಗ್ರೆಸ್ ಕಡೆಯ 205 ಸದಸ್ಯರು ಮತವನ್ನೇ ಹಾಕಲಿಲ್ಲ, ಅರ್ಧದ ಲೆಕ್ಕ ತುಂಬಲಿಲ್ಲ. ವಾದ ಎರಡೂ ಕಡೆಯಿಂದ ಜೋರಾಗಿಯೇ ನಡೆದಿತ್ತು. ಫಲಿತಾಂಶ ಬಂದದ್ದು ಸುಮ್ಮನೆ ಕೂತವರಿಂದ.

## ಸದನದಲ್ಲಿ ಸೋತದ್ದು ಕೋರ್ಟಿಗೆ ಹೋದಾಗ

ವಿರೋಧ ಪಕ್ಷದಲ್ಲಿರುವ ವಕೀಲರ ಎರಡು ಕೆಲಸ ಒಂದಕ್ಕೊಂದು ಎಲ್ಲಿ ಸೇರುತ್ತವೆ ಎಂಬುದು ಆಧಾರ್ ಪ್ರಕರಣದಲ್ಲಿ ಚೆನ್ನಾಗಿ ಕಾಣುತ್ತದೆ. 2016ರಲ್ಲಿ ಆಧಾರ್ ಮಸೂದೆಯನ್ನು ಹಣ ಮಸೂದೆ ಎಂದು ಮಂಡಿಸಲಾಯಿತು. ತೆರಿಗೆ, ಸರ್ಕಾರದ ಖಜಾನೆಯ ಖರ್ಚು ಮುಂತಾದ ವಿಷಯಗಳಿಗೆ ಮಾತ್ರ ಸೇರಿದ ಮಸೂದೆಗೆ ಈ ಹೆಸರು. ಹಣ ಮಸೂದೆಗೆ ರಾಜ್ಯಸಭೆ ಸಲಹೆ ಕೊಡಬಹುದು ಅಷ್ಟೇ. ಲೋಕಸಭೆ ಅದನ್ನು ಒಪ್ಪಬೇಕಾಗಿಲ್ಲ. ಆಗ ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ. ರಾಜ್ಯಸಭೆ ಐದು ತಿದ್ದುಪಡಿ ಸೂಚಿಸಿತು, ಅದೇ ದಿನ ಲೋಕಸಭೆ ಎಲ್ಲವನ್ನೂ ತಳ್ಳಿಹಾಕಿತು.

ಇದು ಹಣ ಮಸೂದೆಯೇ ಅಲ್ಲ ಎಂದು ರಾಜ್ಯಸಭಾ ಸದಸ್ಯ ಜೈರಾಮ್ ರಮೇಶ್ ಸುಪ್ರೀಂ ಕೋರ್ಟಿಗೆ ಹೋದರು. ಅವರ ಪರ ವಾದಿಸಿದವರು ಪಿ. ಚಿದಂಬರಂ, ಅವರೂ ರಾಜ್ಯಸಭಾ ಸದಸ್ಯರು. ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 26ರಂದು, ಸಂಸದರು ವಕೀಲಿಕೆ ಮಾಡಬಹುದು ಎಂದು ಹೇಳಿದ ಮರುದಿನವೇ. ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಕ್ರಮವನ್ನು ಒಪ್ಪಿದರು. ಡಿ.ವೈ. ಚಂದ್ರಚೂಡ್ ಒಬ್ಬರೇ ಒಪ್ಪಲಿಲ್ಲ. ಕೇಸು ಸೋತಂತಾಯಿತು ಅಲ್ವಾ? ಪೂರ್ತಿ ಅಲ್ಲ. ಹಣ ಮಸೂದೆ ಎಂದರೇನು ಎಂಬ ಪ್ರಶ್ನೆಯನ್ನು 2019ರ ನವೆಂಬರಿನಲ್ಲಿ ಇನ್ನೊಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ದೊಡ್ಡ ಪೀಠಕ್ಕೆ ಒಪ್ಪಿಸಿತು. ಸದನದಲ್ಲಿ ಒಂದೇ ದಿನದಲ್ಲಿ ಮುಗಿದ ಪ್ರಶ್ನೆ ಕೋರ್ಟಿನಲ್ಲಿ ವರ್ಷಗಟ್ಟಲೆ ಬದುಕಿತು.

## ಇಕ್ಕಟ್ಟು ಎಲ್ಲಿದೆ?

ಎರಡು ದೋಣಿಯಲ್ಲಿ ಕಾಲಿಟ್ಟರೆ ತೊಡಕು ಬರದೇ ಇರುವುದಿಲ್ಲ. 2018ರ ಏಪ್ರಿಲ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ದೀಪಕ್ ಮಿಶ್ರಾ ಅವರ ವಿರುದ್ಧವೇ ವಾಗ್ದಂಡನೆ ನೋಟಿಸು ಬಂತು. ಇದಕ್ಕೆ ಕನಿಷ್ಠ 50 ರಾಜ್ಯಸಭಾ ಸದಸ್ಯರ ಸಹಿ ಬೇಕು. 64 ಹಾಲಿ ಸದಸ್ಯರು ಸಹಿ ಹಾಕಿದ್ದರು. ಸಭಾಪತಿ ವೆಂಕಯ್ಯ ನಾಯ್ಡು ಏಪ್ರಿಲ್ 23ರಂದು ಅದನ್ನು ತಿರಸ್ಕರಿಸಿದರು. ಆದರೆ ಪ್ರಶ್ನೆ ಉಳಿಯಿತು: ನಿನ್ನೆ ಯಾರನ್ನು ತೆಗೆಯಬೇಕೆಂದು ಸಹಿ ಹಾಕಿದರೋ, ಇವತ್ತು ಅವರ ಮುಂದೆಯೇ ಕಕ್ಷಿದಾರನ ಪರ ನಿಂತು ವಾದಿಸುವುದು ಹೇಗೆ? ಸಿಬಲ್ ಅವರು ಮಿಶ್ರಾ ನಿವೃತ್ತರಾಗುವ ತನಕ ಅವರ ಕೋರ್ಟಿಗೆ ಹೋಗುವುದಿಲ್ಲ ಎಂದರು. ಸಂಸದರ ವಕೀಲಿಕೆಯನ್ನು ಎತ್ತಿಹಿಡಿದ ಪೀಠದಲ್ಲಿ ಐದು ತಿಂಗಳ ಬಳಿಕ ಕೂತವರೂ ಅದೇ ಮಿಶ್ರಾ ಅವರು.

ಕಕ್ಷಿದಾರರ ವಿಷಯದಲ್ಲೂ ಅನುಮಾನ ಏಳುತ್ತದೆ. ಒಂದು ಕಂಪನಿಯ ಪರ ವಾದಿಸುವ ಸಂಸದರು ಅದೇ ಉದ್ಯಮದ ಮಸೂದೆಯ ಮೇಲೆ ಮಾತಾಡಿದರೆ, ಅದು ಯಾರ ಮಾತು? ತನಗೆ ಹಣಕಾಸಿನ ಹಿತಾಸಕ್ತಿ ಇರುವ ವಿಷಯದ ಚರ್ಚೆಯಲ್ಲಿ ಸದಸ್ಯರು ಅದನ್ನು ಮೊದಲೇ ಹೇಳಿಕೊಳ್ಳಬೇಕು ಎಂಬ ನಿಯಮ ರಾಜ್ಯಸಭೆಯಲ್ಲಿದೆ. ನಿಯಮ ಎಲ್ಲವನ್ನೂ ಹಿಡಿಯುತ್ತದೆ ಅಂತೇನಿಲ್ಲ. ವಕೀಲರಿಗೆ ಕಕ್ಷಿದಾರನ ಗುಟ್ಟು ಕಾಯುವ ಹೊಣೆಯೂ ಇರುವುದರಿಂದ ಗೆರೆ ಎಳೆಯುವುದು ಇನ್ನೂ ಕಷ್ಟ.

ಕೆಲವರು ಗೆರೆಯನ್ನು ತಾವೇ ಎಳೆದುಕೊಂಡಿದ್ದಾರೆ. ಅರುಣ್ ಜೇಟ್ಲಿ 1990ರಲ್ಲಿ ಹಿರಿಯ ವಕೀಲರಾದವರು, 2000ದಲ್ಲಿ ರಾಜ್ಯಸಭೆಗೆ ಬಂದರು. 2009ರ ಜೂನಿನಲ್ಲಿ ಅಲ್ಲಿನ ವಿರೋಧ ಪಕ್ಷದ ನಾಯಕರಾದಾಗ ಕೋರ್ಟಿನ ಕೆಲಸ ನಿಲ್ಲಿಸಿದರು. ಆ ಸ್ಥಾನಕ್ಕೆ 1977ರ ಕಾಯ್ದೆಯ ಪ್ರಕಾರ ಪ್ರತ್ಯೇಕ ಸಂಬಳ ಇದೆ, ಸಂಪುಟ ದರ್ಜೆಯ ಮನ್ನಣೆ ಇದೆ, ಕೆಲಸವೂ ದಿನಪೂರ್ತಿ. 2011ರ ಆಗಸ್ಟಿನಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ಅವರ ವಾಗ್ದಂಡನೆಯ ಮೇಲೆ ಜೇಟ್ಲಿ ಮಾಡಿದ ಭಾಷಣ ಪೂರ್ತಿ ಒಂದು ಕೇಸಿನ ವಾದದ ಹಾಗೆಯೇ ಇತ್ತು. ಈ ಸಲ ಆಡಳಿತ ಪಕ್ಷವೂ ಜೊತೆಗಿತ್ತು. ನಿರ್ಣಯ ಮೂರನೇ ಎರಡಕ್ಕಿಂತ ಹೆಚ್ಚು ಮತದಿಂದ ಪಾಸಾಯಿತು. ಲೋಕಸಭೆಗೆ ಹೋಗುವ ಮೊದಲೇ ಸೇನ್ ರಾಜೀನಾಮೆ ಕೊಟ್ಟರು. 2014ರಲ್ಲಿ ಜೇಟ್ಲಿ ಹಣಕಾಸು ಸಚಿವರಾದರು, 2016ರಲ್ಲಿ ರಾಜ್ಯಸಭೆಯಲ್ಲಿ ಆಧಾರ್ ಮಸೂದೆಯನ್ನು ಸಮರ್ಥಿಸಿಕೊಂಡವರೂ ಅವರೇ. ಆ ಹೊತ್ತಿಗೆ ಎದುರಿನ ಸಾಲಿನಲ್ಲಿ ಬೇರೆ ವಕೀಲರು ಬಂದು ಕೂತಿದ್ದರು.